ಒಲೆ ಆರಿಸಿದ ಮೇಲಿನ ಗಂಟೆಗಳು

ಆ ಅನ್ನದಲ್ಲಿ ಯಾವ ವಾಸನೆಯೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ವಿಷಯ ತಿಳಿದವರೆಲ್ಲ ಕೇಳಿದ್ದು ಅದೊಂದೇ ಪ್ರಶ್ನೆ: ಮೂಸಿ ನೋಡಲಿಲ್ವಾ? ನೋಡಿದ್ದೆ. ಮುಚ್ಚಳ ತೆಗೆದು, ಪಾತ್ರೆಯನ್ನು ಮುಖದ ಹತ್ತಿರ ತಂದು ಚೆನ್ನಾಗಿಯೇ ಮೂಸಿದ್ದೆ. ಹುಳಿ ಇರಲಿಲ್ಲ, ಅಂಟು ಇರಲಿಲ್ಲ, ಅಗುಳು ಬಿಡಿಬಿಡಿಯಾಗಿತ್ತು. ಆಮೇಲೆ ಹಬೆಯಾಡುವಷ್ಟು ಬಿಸಿಯನ್ನೂ ಮಾಡಿದ್ದೆ.

ಹಿಂದಿನ ದಿನ ಸಂಜೆ 7ಕ್ಕೆ ಮಾಡಿದ ಅನ್ನ ಅದು. ಬರುತ್ತೇವೆ ಎಂದವರಲ್ಲಿ ಅರ್ಧ ಜನ ಬರಲಿಲ್ಲ, ದೊಡ್ಡ ಪಾತ್ರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯಿತು. ಊಟ ಮುಗಿಸಿ ಮಾತಿಗೆ ಕೂತೆವು. ತುಂಬ ದಿನದ ಮೇಲೆ ಸೇರಿದ್ದೆವು, ಯಾರಿಗೂ ಏಳುವ ಮನಸ್ಸಿರಲಿಲ್ಲ. ಎಲ್ಲರೂ ಹೊರಟಾಗ ರಾತ್ರಿ 12 ದಾಟಿತ್ತು. ಪಾತ್ರೆ ಮುಟ್ಟಿ ನೋಡಿದೆ, ಇನ್ನೂ ಉಗುರುಬೆಚ್ಚಗಿತ್ತು. ಸದ್ಯ, ನೆನಪಾಯಿತಲ್ಲ ಅಂದುಕೊಂಡು ಮುಚ್ಚಳ ಮುಚ್ಚಿ ಪಾತ್ರೆ ಸಮೇತ ಫ್ರಿಜ್‌ನೊಳಗೆ ತಳ್ಳಿದೆ. ಮಾರನೆಯ ದಿನ ಮಧ್ಯಾಹ್ನ 1 ಗಂಟೆಗೆ ನಾನೂ ನನ್ನ ತಂಗಿಯ ಮಗನೂ ಅದನ್ನೇ ತಿಂದೆವು. ಅವನಿಗೆ ಆಗ 9 ವರ್ಷ. 3 ಗಂಟೆ ಹೊತ್ತಿಗೆ ಹೊಟ್ಟೆ ತೊಳೆಸುತ್ತಿದೆ ಎಂದ. ಅರ್ಧ ಗಂಟೆಯಲ್ಲಿ ನನಗೂ ಶುರುವಾಯಿತು. ನನ್ನದು ಹೇಗೋ ಕಳೆಯಿತು. ಅವನಿಗೆ ಮಾತ್ರ ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಬಚ್ಚಲ ಬಾಗಿಲಿಗೆ ಒರಗಿ ಕೂತು, ಸಕ್ಕರೆ ಉಪ್ಪು ಬೆರೆಸಿದ ನೀರನ್ನು ಒಂದೊಂದೇ ಚಮಚ ಕುಡಿಸುತ್ತಾ ಸಂಜೆ ಪೂರ್ತಿ ಕಳೆದೆವು. ತುಟಿ ಒಣಗಿ ಬಿಳಿಚಿಕೊಂಡಿದ್ದ ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಸರಿಯಾದೆವು. ಪರೀಕ್ಷೆ ಮಾಡಿಸಲು ಅನ್ನ ಉಳಿದಿರಲಿಲ್ಲ, ಹಾಗಾಗಿ ಅದೇ ಕಾರಣ ಎಂದು ಆಣೆ ಇಟ್ಟು ಹೇಳಲಾರೆ. ಆದರೆ ಇಬ್ಬರೂ ತಿಂದದ್ದು ಅದನ್ನೇ, ಶುರುವಾದದ್ದು ಎರಡೂವರೆ ಗಂಟೆಯೊಳಗೆ, ಮುಗಿದದ್ದು ಒಂದೇ ದಿನದಲ್ಲಿ. ಆಮೇಲೆ ಓದುತ್ತಾ ಹೋದ ಹಾಗೆ ನನಗೆ ಅನುಮಾನ ಉಳಿಯಲಿಲ್ಲ. ನನ್ನನ್ನು ಕಾಡಿದ್ದು ಬೇರೆ. ಫ್ರಿಜ್‌ನಲ್ಲಿಟ್ಟಿದ್ದೆ, ಮೂಸಿದ್ದೆ, ಬಿಸಿ ಮಾಡಿದ್ದೆ. ಎಲ್ಲರೂ ಮಾಡುವ ಮೂರೂ ಕೆಲಸ ಮಾಡಿದ್ದೆ. ಹಾಗಿದ್ದರೆ ಎಡವಿದ್ದೆಲ್ಲಿ?

ಮೂಗಿಗೆ ಸಿಗದ್ದು

ಆಹಾರ ಹಳಸುವುದು ಒಂದು, ಆಹಾರ ವಿಷವಾಗುವುದು ಇನ್ನೊಂದು. ಇವೆರಡನ್ನೂ ನಾವು ಒಂದೇ ಅಂದುಕೊಂಡಿದ್ದೇವೆ. ಹಾಲು ಒಡೆಯುವುದು, ಸೊಪ್ಪು ಲೋಳೆಯಾಗುವುದು, ಮೀನು ನಾರುವುದು, ಇದೆಲ್ಲ ಒಂದು ಗುಂಪಿನ ಸೂಕ್ಷ್ಮಜೀವಿಗಳ ಕೆಲಸ. ಅವು ತಾವು ಬಂದಿರುವುದನ್ನು ವಾಸನೆಯಿಂದಲೋ ಬಣ್ಣದಿಂದಲೋ ಸಾರುತ್ತವೆ. ಆದರೆ ನಮ್ಮನ್ನು ಹಾಸಿಗೆ ಹಿಡಿಸುವ ಬ್ಯಾಕ್ಟೀರಿಯಾಗಳು, ಸಾಲ್ಮೊನೆಲ್ಲಾ, ಲಿಸ್ಟೀರಿಯಾ, ಸ್ಟೆಫೈಲೊಕಾಕಸ್ ಥರದವು, ಕಾಯಿಲೆ ತರುವಷ್ಟು ಬೆಳೆದಿದ್ದರೂ ಊಟದ ರುಚಿ, ವಾಸನೆ ಎರಡೂ ಇದ್ದ ಹಾಗೇ ಇರಬಹುದು. ಮೂಗು ಹಳಸಿದ್ದನ್ನು ಹಿಡಿಯುತ್ತದೆ. ಅಪಾಯ ಅದರ ಕೈಗೆ ಸಿಗುವುದಿಲ್ಲ.

ಅನ್ನದ ಕಥೆಯಲ್ಲಿ ಬರುವ ಜೀವಿಯ ಹೆಸರು ಬ್ಯಾಸಿಲಸ್ ಸಿರಿಯಸ್. ಮಣ್ಣಿನಲ್ಲಿರುತ್ತದೆ, ಅಕ್ಕಿಯ ಜೊತೆ ಮನೆಗೆ ಬರುತ್ತದೆ. ಕಷ್ಟಕಾಲಕ್ಕೆ ಅದು ಗಟ್ಟಿ ಕವಚದ ಬೀಜಾಣುವಾಗಿ ಮುದುಡಿಕೊಳ್ಳುತ್ತದೆ. ಆ ಬೀಜಾಣು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅನ್ನ ಬೆಂದಾಗ ಉಳಿದ ಬಹುಪಾಲು ಜೀವಿಗಳು ಸಾಯುತ್ತವೆ, ಇದು ಉಳಿಯುತ್ತದೆ. ಅನ್ನ ನಿಧಾನಕ್ಕೆ ಆರುತ್ತಾ ಬೆಚ್ಚಗಾದಾಗ ಎಚ್ಚರವಾಗುತ್ತದೆ. ಸುತ್ತ ಪೈಪೋಟಿಗೆ ಹೆಚ್ಚು ಯಾರೂ ಇಲ್ಲ, ತೇವ ಇದೆ, ಪಿಷ್ಟ ಇದೆ. ಬೆಳೆಯುತ್ತಾ ಅನ್ನದಲ್ಲೇ ಒಂದು ವಿಷವನ್ನು ಬಿಡುತ್ತದೆ. ಆ ವಿಷಕ್ಕೆ ಬಿಸಿಯ ಭಯವೇ ಇಲ್ಲ. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂವರೆ ಗಂಟೆ ಇಟ್ಟರೂ ಅದು ಹಾಳಾಗುವುದಿಲ್ಲ ಎಂದು ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ. ನಮ್ಮ ಒಲೆಯ ಮೇಲಿನ ಐದು ನಿಮಿಷದ ಬಿಸಿ ಅದಕ್ಕೆ ಏನು ಮಾಡೀತು?

ಅಂದರೆ ಮಾರನೆಯ ದಿನದ ಮೂಸಿದ್ದು, ಬಿಸಿ ಮಾಡಿದ್ದು ಯಾವುದಕ್ಕೂ ಅರ್ಥವಿರಲಿಲ್ಲ. ಫ್ರಿಜ್‌ನಲ್ಲಿ ಇಟ್ಟದ್ದಕ್ಕೂ ಇರಲಿಲ್ಲ. ಆಗಬೇಕಾದ್ದೆಲ್ಲ 7 ಗಂಟೆಗೂ 12 ಗಂಟೆಗೂ ನಡುವೆ, ನಾವು ಪಕ್ಕದ ಕೋಣೆಯಲ್ಲಿ ಕೂತು ನಗುತ್ತಿದ್ದಾಗಲೇ ಆಗಿಹೋಗಿತ್ತು.

ಐದು ಗಂಟೆಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು: 5 ಮತ್ತು 60. ಊಟ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನದ್ದು ಅಪಾಯದ ವಲಯ. ಅಡುಗೆ ಮನೆಯ ಸಾಮಾನ್ಯ ಶಾಖ ಇರುವುದು ಆ ವಲಯದ ನಟ್ಟನಡುವೆ. ಬೆಂದ ಊಟ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, 32 ಡಿಗ್ರಿ ದಾಟಿದ ಸೆಕೆಯಿದ್ದರೆ ಒಂದೇ ಗಂಟೆ.

ಎರಡು ಗಂಟೆ ಎನ್ನುವುದು ಯಾರೋ ಸುಮ್ನೆ ಹೇಳಿದ ಮಾತೆಂದು ನಾನೂ ತಿಳಿದಿದ್ದೆ. ಕಾಗದದ ಮೇಲೆ ಗುಣಿಸಿ ನೋಡಿದ ಮೇಲೆ ಹಾಗೆ ಅನ್ನಿಸಲಿಲ್ಲ. ಅನುಕೂಲ ಸಿಕ್ಕರೆ ಎಷ್ಟೋ ಬ್ಯಾಕ್ಟೀರಿಯಾಗಳು ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಒಂದು ಎರಡಾಗುತ್ತದೆ, ಎರಡು ನಾಲ್ಕು. ಎರಡು ಗಂಟೆಯಲ್ಲಿ ಆರು ಸಲ ದ್ವಿಗುಣ, ಅಂದರೆ 64. ಪರವಾಗಿಲ್ಲ, ಅಲ್ವಾ? ನಮ್ಮ ಪಾತ್ರೆ ಹೊರಗಿದ್ದದ್ದು ಐದು ಗಂಟೆ. ಹದಿನೈದು ಸಲ. ಒಂದು ಜೀವಿ 32,768 ಆಗುತ್ತದೆ. ಮೊದಲ ಒಂದು ಗಂಟೆ ಅನ್ನ ತುಂಬ ಬಿಸಿಯಿತ್ತು, ಏನೂ ಬೆಳೆಯಲಿಲ್ಲ ಎಂದು ಬಿಟ್ಟುಕೊಟ್ಟರೂ ನಾಲ್ಕು ಗಂಟೆಗೆ 4,096. ಇದು ಕಾಗದದ ಲೆಕ್ಕ, ಪಾತ್ರೆಯೊಳಗೆ ಇಷ್ಟು ನಿಖರವಾಗಿ ನಡೆಯುವುದಿಲ್ಲ, ಗೊತ್ತು. ಆದರೆ ಮೊದಲ ಗಂಟೆಯಲ್ಲಿ ಏನೂ ಆಗದ ಹಾಗೆ ಕಂಡು ಕೊನೆಯ ಗಂಟೆಯಲ್ಲಿ ಎಲ್ಲವೂ ಕೈಮೀರುವುದು ಹೇಗೆಂದು ನನಗೆ ಅರ್ಥವಾದದ್ದು ಆವತ್ತು. "ನಿನ್ನೆಯೂ ಹೀಗೇ ಇಟ್ಟಿದ್ದೆವು, ಏನಾಯಿತು?" ಎಂಬ ಮಾತು ಯಾಕೆ ನಿಲ್ಲುವುದಿಲ್ಲ ಎಂದೂ ಅರ್ಥವಾಯಿತು.

ಇನ್ನೊಂದು ತಪ್ಪು ಪಾತ್ರೆಯದ್ದು. ರಾತ್ರಿ 12ಕ್ಕೆ ಅದನ್ನು ಫ್ರಿಜ್‌ನಲ್ಲಿಟ್ಟ ಕೂಡಲೇ ಅನ್ನ ತಣ್ಣಗಾಯಿತು ಎಂದು ನಾನು ನಂಬಿದ್ದೆ. ತಣ್ಣಗಾದದ್ದು ಪಾತ್ರೆಯ ಅಂಚು ಮಾತ್ರ. ಒಂದು ಗೇಣು ದಪ್ಪದ ಅನ್ನದ ಮುದ್ದೆಯ ನಡುವಿನಿಂದ ಬಿಸಿ ಹೊರಗೆ ಬರಬೇಕಾದರೆ ಪದರ ಪದರವಾಗಿ ದಾಟಿಯೇ ಬರಬೇಕು. ದಪ್ಪ ಎರಡರಷ್ಟಾದರೆ ಆರುವ ಹೊತ್ತು ಹೆಚ್ಚು ಕಡಿಮೆ ನಾಲ್ಕರಷ್ಟಾಗುತ್ತದೆ. ಅದೇ ಅನ್ನವನ್ನು ಅಗಲದ ತಟ್ಟೆಗೆ ಹರಡಿದ್ದರೆ ಅರ್ಧ ಗಂಟೆಯೂ ಬೇಕಿರಲಿಲ್ಲವೇನೋ. ದೊಡ್ಡ ಪಾತ್ರೆಯ ಗಟ್ಟಿ ಸಾರು, ಬೆಂದ ಕಾಳು, ಮಾಂಸದ ಅಡುಗೆ, ಎಲ್ಲಕ್ಕೂ ಇದೇ ಮಾತು. ಹೀಗೇ ಬೀಜಾಣುವಾಗಿ ಮುದುಡಿಕೊಳ್ಳುವ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇದೆ, ಅದಕ್ಕೆ ನಿಧಾನವಾಗಿ ಆರುವ ಮಾಂಸದ ದೊಡ್ಡ ಪಾತ್ರೆಯೆಂದರೆ ಹಬ್ಬ. ಸಾಮೂಹಿಕ ಊಟದ ನಂತರ ಒಟ್ಟಿಗೆ ಅಷ್ಟೊಂದು ಜನಕ್ಕೆ ಹೊಟ್ಟೆ ಕೆಡುವುದರ ಹಿಂದೆ ಎಷ್ಟೋ ಸಲ ಇರುವುದು ಅದೇ.

ಬಿಸಿ ಬಿಸಿಯಾದದ್ದನ್ನು ಫ್ರಿಜ್‌ನಲ್ಲಿಟ್ಟರೆ ಫ್ರಿಜ್ ಕೆಡುತ್ತದೆ, ಪೂರ್ತಿ ಆರಲಿ ಎಂದು ನಮ್ಮಮ್ಮ ಹೇಳುತ್ತಿದ್ದರು. ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಕುದಿಯುವ ದೊಡ್ಡ ಪಾತ್ರೆ ಇಟ್ಟರೆ ಪಕ್ಕದ ಹಾಲು, ಮೊಸರು ಬಿಸಿಯೇರುತ್ತವೆ. ಆದರೆ ಅದಕ್ಕೆ ಪರಿಹಾರ ರಾತ್ರಿಯೆಲ್ಲ ಹೊರಗಿಡುವುದಲ್ಲ. ಈಗ ನಾನು ಊಟ ಮುಗಿದ ಕೂಡಲೇ, ಕೈ ತೊಳೆದು ಕೂರುವ ಮೊದಲೇ, ಉಳಿದದ್ದನ್ನು ಎರಡು ಅಂಗುಲಕ್ಕಿಂತ ಜಾಸ್ತಿ ಆಳವಿಲ್ಲದ ಡಬ್ಬಿಗಳಿಗೆ ಹಂಚುತ್ತೇನೆ. ಸಾರಿನಂಥದ್ದಾದರೆ ಪಾತ್ರೆಯನ್ನೇ ತಣ್ಣೀರಿನ ತೊಟ್ಟಿಯಲ್ಲಿಟ್ಟು ಕೈಯಾಡಿಸುತ್ತೇನೆ. ಹಬೆ ನಿಂತ ಮೇಲೆ ಒಳಗಿಡುತ್ತೇನೆ. ಸ್ವಲ್ಪ ಬೆಚ್ಚಗಿದ್ದರೂ ಇಡುತ್ತೇನೆ. ಆ ಕೆಲಸಕ್ಕೆ ಹತ್ತು ನಿಮಿಷ ಸಾಕು. ಮಾತು ಎಲ್ಲಿಗೂ ಹೋಗುವುದಿಲ್ಲ, ಆಮೇಲೆ ಬಂದು ಕೂರಬಹುದು.

ಲೋಟದ ನೀರಿನಲ್ಲಿ ಥರ್ಮಾಮೀಟರ್

ಅನ್ನದ ಘಟನೆಯಾದ ವಾರದಲ್ಲೇ ಒಂದು ಚಿಕ್ಕ ಫ್ರಿಜ್ ಥರ್ಮಾಮೀಟರ್ ತಂದೆ. ಫ್ರಿಜ್ ಒಳಗಿನ ತಿರುಗಣೆಯ ಮೇಲೆ 1ರಿಂದ 7ರವರೆಗೆ ಅಂಕಿಗಳಿದ್ದವು. ಅದು ನಾಲ್ಕರಲ್ಲಿತ್ತು. ನಾಲ್ಕು ಎಂದರೆ ನಾಲ್ಕು ಡಿಗ್ರಿ ಎಂದೇ ವರ್ಷಗಟ್ಟಲೆ ನಂಬಿದ್ದೆ. ಆ ಅಂಕಿಗೂ ಡಿಗ್ರಿಗೂ ಸಂಬಂಧವೇ ಇಲ್ಲ. ಅದು ಫ್ರಿಜ್ ಎಷ್ಟು ಜೋರಾಗಿ ದುಡಿಯಬೇಕು ಎಂದು ಹೇಳುವ ಅಂಕಿ, ಅಷ್ಟೇ. ಥರ್ಮಾಮೀಟರನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ ನಡುವಿನ ಹಲಗೆಯಲ್ಲಿಟ್ಟು ರಾತ್ರಿಯೆಲ್ಲ ಬಿಟ್ಟೆ. ನೀರಿನಲ್ಲಿ ಯಾಕೆ ಅಂದರೆ ಬಾಗಿಲು ತೆಗೆದ ತಕ್ಷಣ ಒಳಗಿನ ಗಾಳಿಯ ಶಾಖ ಬದಲಾಗುತ್ತದೆ, ಊಟದ ನಿಜವಾದ ಶಾಖ ತಿಳಿಯಬೇಕೆಂದರೆ ನೀರಿನದ್ದನ್ನೇ ನೋಡಬೇಕು.

ಬೆಳಿಗ್ಗೆ ನೋಡಿದರೆ 8 ಡಿಗ್ರಿ. ಮರುದಿನ ಬಾಗಿಲಿನ ಗೂಡಿನಲ್ಲಿಟ್ಟು ನೋಡಿದೆ, 11. ನಾವು ಹಾಲು ಇಡುತ್ತಿದ್ದ ಜಾಗ ಅದು. ಲೋಟ ಕೈಯಲ್ಲಿ ಹಿಡಿದು ಅಡುಗೆ ಮನೆಯಲ್ಲಿ ನಿಂತಾಗ ನನಗೆ ನಿಜವಾಗಿ ಸಿಟ್ಟು ಬಂತು. ಬಾಗಿಲು ತೆಗೆದರೆ ದೀಪ ಹತ್ತುತ್ತದೆ, ಕೈಗೆ ತಂಪು ತಾಗುತ್ತದೆ, ಎಲ್ಲ ಸರಿ ಇದೆ ಎನ್ನಿಸುತ್ತದೆ. 4 ಡಿಗ್ರಿಗೂ 8 ಡಿಗ್ರಿಗೂ ವ್ಯತ್ಯಾಸ ಕೈಗೆ ತಿಳಿಯುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ತಿಳಿಯುತ್ತದೆ. ಕಾರಣ ಹುಡುಕಿದಾಗ ಎರಡು ಸಿಕ್ಕವು. ಬಾಗಿಲಿನ ರಬ್ಬರ್ ಒಂದು ಮೂಲೆಯಲ್ಲಿ ಸಡಿಲವಾಗಿತ್ತು. ಒಂದು ಕಾಗದದ ಚೂರು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದರೆ ಆರಾಮಾಗಿ ಹೊರಗೆ ಬರುತ್ತಿತ್ತು. ಎರಡನೆಯದು, ಒಳಗೆ ಉಸಿರಾಡಲೂ ಜಾಗ ಇರಲಿಲ್ಲ. ತಣ್ಣನೆ ಗಾಳಿ ಬರುವ ಕಿಂಡಿಗೆ ಅಡ್ಡವಾಗಿ ದೊಡ್ಡ ಡಬ್ಬಿಗಳನ್ನು ಒತ್ತಿ ಇಟ್ಟಿದ್ದೆವು. ಫ್ರಿಜ್‌ನಲ್ಲಿ ತಂಪು ಹರಡುವುದೇ ಗಾಳಿ ಸುತ್ತುವುದರಿಂದ. ಅದನ್ನು ಕಪಾಟಿನ ಹಾಗೆ ತುಂಬಿದರೆ ಕಪಾಟೇ ಆಗುತ್ತದೆ. ರಬ್ಬರ್ ಬದಲಿಸಿ, ಅರ್ಧ ಸಾಮಾನು ತೆಗೆದು, ತಿರುಗಣೆ ಏರಿಸಿದ ಮೇಲೆ ಎರಡು ದಿನಕ್ಕೆ 4ಕ್ಕೆ ಬಂದು ನಿಂತಿತು. ಹಾಲು ಒಳಗಿನ ಹಲಗೆಯ ಹಿಂಬದಿಗೆ ಹೋಯಿತು. ಬಾಗಿಲಿನಲ್ಲಿ ಈಗ ಇರುವುದು ಉಪ್ಪಿನಕಾಯಿ, ಜಾಮ್, ನೀರಿನ ಬಾಟಲಿ, ಅಷ್ಟೇ.

ಹಸಿ ಮಾಂಸ, ಮೀನು ಯಾವಾಗಲೂ ಎಲ್ಲಕ್ಕಿಂತ ಕೆಳಗೆ, ಅಂಚಿರುವ ತಟ್ಟೆಯಲ್ಲಿ, ಮುಚ್ಚಿ. ಅದರ ನೀರು ತೊಟ್ಟಿಕ್ಕಿ ಕೆಳಗಿನ ಹಣ್ಣಿನ ಮೇಲೆ ಬಿದ್ದರೆ ಹಣ್ಣನ್ನು ಯಾರೂ ಬೇಯಿಸಿ ತಿನ್ನುವುದಿಲ್ಲ ತಾನೆ. ಕೋಳಿ ಮಾಂಸ, ಕೊಚ್ಚಿದ ಮಾಂಸ, ಮೀನು ಒಂದೆರಡು ದಿನದೊಳಗೆ ಅಡುಗೆಯಾಗಬೇಕು, ಇಲ್ಲದಿದ್ದರೆ ಫ್ರೀಜರ್‌ಗೆ ಹೋಗಬೇಕು. ತರಕಾರಿಯ ವಿಷಯ ಹೆಚ್ಚು ಹೇಳುವುದಿಲ್ಲ, ಅಲ್ಲಿ ನಷ್ಟವಾಗುವುದು ಬಹುಪಾಲು ರುಚಿಯೇ. ಸೇಬಿನಂಥ ಹಣ್ಣುಗಳು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ, ಎರಡನ್ನೂ ಬೇರೆ ಬೇರೆ ಇಡಿ. ಈರುಳ್ಳಿಗೆ ಫ್ರಿಜ್ ಬೇಡ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿಡುವ ಅಭ್ಯಾಸ ಇದ್ದವರಿಗೆ ಮಾತ್ರ ಒಂದು ಮಾತು ಒತ್ತಿ ಹೇಳುತ್ತೇನೆ: ಹೊರಗೆ ಇಡಲೇಬೇಡಿ, ಫ್ರಿಜ್‌ನಲ್ಲಿ 4 ದಿನ, ಆಮೇಲೆ ಚೆಲ್ಲಿ. ಎಣ್ಣೆಯೊಳಗೆ ಗಾಳಿ ಇಲ್ಲ. ಬಾಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯುವುದು ಗಾಳಿ ಇಲ್ಲದ ಕಡೆಯೇ, ಅದರ ವಿಷ ನರಗಳನ್ನೇ ಹಿಡಿಯುತ್ತದೆ.

4 ಡಿಗ್ರಿಯಲ್ಲೂ ಕಾಲ ನಿಲ್ಲುವುದಿಲ್ಲ

ಇಷ್ಟೆಲ್ಲ ಸರಿ ಮಾಡಿದ ಮೇಲೆ ಒಂದು ವಾರದ ಊಟ ಒಟ್ಟಿಗೆ ಮಾಡಿಟ್ಟುಬಿಡಬಹುದು ಎಂದುಕೊಂಡಿದ್ದೆ. ಆಗ ಲಿಸ್ಟೀರಿಯಾ ಬಗ್ಗೆ ಓದಿದೆ. ಉಳಿದ ಬಹಳಷ್ಟು ಬ್ಯಾಕ್ಟೀರಿಯಾಗಳು ಚಳಿಗೆ ಮುದುಡಿ ಕೂರುತ್ತವೆ. ಲಿಸ್ಟೀರಿಯಾ 4 ಡಿಗ್ರಿಯಲ್ಲೂ ನಿಧಾನಕ್ಕೆ ಬೆಳೆಯುತ್ತಲೇ ಇರುತ್ತದೆ. ಆರೋಗ್ಯವಂತರಿಗೆ ಬಂದರೂ ಸಾಮಾನ್ಯವಾಗಿ ಅಷ್ಟಕ್ಕೇ ಹೋಗಬಹುದು. ಗರ್ಭಿಣಿಯರಿಗೆ ಬಂದರೆ ತಾಯಿಗೆ ಬರೀ ಸಣ್ಣ ಜ್ವರ, ಹೊಟ್ಟೆಯೊಳಗಿನ ಮಗುವಿಗೆ ಜೀವಕ್ಕೇ ಕುತ್ತು. ವಯಸ್ಸಾದವರಿಗೂ, ರೋಗ ತಡೆಯುವ ಶಕ್ತಿ ಕಡಿಮೆ ಇರುವವರಿಗೂ ಅಪಾಯ. ತಿಂದು ವಾರಗಳಾದ ಮೇಲೆ, ಕೆಲವೊಮ್ಮೆ ಎರಡು ತಿಂಗಳ ಮೇಲೂ ಕಾಣಿಸಿಕೊಳ್ಳಬಹುದು. ಅಷ್ಟು ಹೊತ್ತಿಗೆ ಯಾವ ಡಬ್ಬಿಯದ್ದು ಎಂದು ಯಾರಿಗೆ ನೆನಪಿರುತ್ತದೆ?

ಅದಕ್ಕೇ ಉಳಿದ ಊಟಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ದಿನ ಎನ್ನುತ್ತಾರೆ. ಆ ದಿನಗಳ ಲೆಕ್ಕ ಶುರುವಾಗುವುದು ನಾವು ಡಬ್ಬಿ ಮುಚ್ಚಿದಾಗ ಅಲ್ಲ, ಒಲೆ ಆರಿಸಿದಾಗ. ಹಾಗಾಗಿ ಡಬ್ಬಿಯ ಮೇಲೆ ಒಂದು ತುಂಡು ಟೇಪ್ ಅಂಟಿಸಿ ದಿನದ ಜೊತೆ ಹೊತ್ತನ್ನೂ ಬರೆಯುತ್ತೇನೆ. "ಸೋಮವಾರ, ರಾತ್ರಿ 8." ಮನೆಯವರಿಗೆ ಮೊದಲು ಇದು ಅತಿ ಎನ್ನಿಸಿತು. ಈಗ ತಂಗಿಯ ಮಗ ಬಂದಾಗ ಡಬ್ಬಿ ತೆಗೆದು ಮೊದಲು ಟೇಪ್ ಓದುತ್ತಾನೆ, ಆಮೇಲೆ ಮುಚ್ಚಳ ತೆಗೆಯುತ್ತಾನೆ. ತಿನ್ನುವಷ್ಟನ್ನು ಮಾತ್ರ ಹೊರಗೆ ತೆಗೆದು, ನಡುವಿನವರೆಗೂ ಹಬೆಯಾಡುವ ಹಾಗೆ, 74 ಡಿಗ್ರಿ ದಾಟುವ ಹಾಗೆ ಬಿಸಿ ಮಾಡಬೇಕು. ಇಡೀ ಡಬ್ಬಿಯನ್ನು ದಿನಕ್ಕೆ ಎರಡು ಸಲ ಬಿಸಿ ಮಾಡಿ ಮತ್ತೆ ಆರಿಸಿ ಒಳಗಿಟ್ಟರೆ ಪ್ರತಿ ಸಲವೂ ಅದು ಆ 60ರಿಂದ 5ರ ದಾರಿಯನ್ನು ಮತ್ತೆ ನಡೆದು ಬರುತ್ತದೆ.

ಫ್ರೀಜರ್ ಎಂಬ ವಿರಾಮ

ಫ್ರೀಜರ್ ಬಗ್ಗೆ ನನಗಿದ್ದ ನಂಬಿಕೆ ಇನ್ನೂ ದೊಡ್ಡದು. ಮೈನಸ್ 18 ಡಿಗ್ರಿಯಲ್ಲಿ ಯಾವ ಬ್ಯಾಕ್ಟೀರಿಯಾ ಬದುಕೀತು ಎಂದುಕೊಂಡಿದ್ದೆ. ಬಹಳಷ್ಟು ಬದುಕುತ್ತವೆ. ಬೆಳೆಯುವುದಿಲ್ಲ, ಸಾಯುವುದೂ ಇಲ್ಲ, ಸುಮ್ನೆ ಕಾಯುತ್ತವೆ. ಒಳಗೆ ಹೋದಾಗ ಆಹಾರ ಯಾವ ಸ್ಥಿತಿಯಲ್ಲಿತ್ತೋ ಹೊರಗೆ ಬಂದಾಗ ಅದೇ ಸ್ಥಿತಿಯಲ್ಲಿ ಬರುತ್ತದೆ. ಮೂರು ಗಂಟೆ ಹೊರಗಿದ್ದ ಮಾಂಸವನ್ನು ಫ್ರೀಜ್ ಮಾಡಿದರೆ ಆ ಮೂರು ಗಂಟೆಯೂ ಅದರ ಜೊತೆ ಹೆಪ್ಪುಗಟ್ಟಿರುತ್ತದೆ. ಕರಗಿಸಿದಾಗ ಲೆಕ್ಕ ಅಲ್ಲಿಂದ ಮುಂದುವರಿಯುತ್ತದೆ.

ಕರಗಿಸುವುದರಲ್ಲೇ ನಾವು ಜಾಸ್ತಿ ಎಡವುವುದು. ಬೆಳಿಗ್ಗೆ ಹೊರಗಿಟ್ಟು ಸಂಜೆ ಬಂದು ಅಡುಗೆ ಮಾಡುವುದು ಎಷ್ಟು ಮನೆಗಳಲ್ಲಿ ಇಲ್ಲ? ನಡುವೆ ಇನ್ನೂ ಕಲ್ಲಿನಂತಿರುವಾಗಲೇ ಮೇಲ್ಮೈ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿಡುವುದು ಒಳ್ಳೆಯದು. ಅವಸರವಿದ್ದರೆ ನೀರು ಒಳಗೆ ಹೋಗದ ಚೀಲದಲ್ಲಿ ಹಾಕಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಬೇಕು, ಕರಗಿದ ಕೂಡಲೇ ಬೇಯಿಸಬೇಕು. ಫ್ರಿಜ್‌ನಲ್ಲೇ ಕರಗಿದ್ದನ್ನು ಬೇಡ ಎನಿಸಿದರೆ ಮತ್ತೆ ಫ್ರೀಜ್ ಮಾಡಬಹುದು, ರುಚಿ ಮಾತ್ರ ಇಳಿಯುತ್ತದೆ.

ಯಾಕೆ ಇಳಿಯುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ವಿಷಯ. ನಿಧಾನಕ್ಕೆ ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಜೀವಕೋಶಗಳ ಗೋಡೆ ಒಡೆಯುತ್ತವೆ. ಬೇಗ ಹೆಪ್ಪುಗಟ್ಟಿದರೆ ಹರಳು ಚಿಕ್ಕದು, ಗೋಡೆ ಉಳಿಯುತ್ತದೆ. 1910ರ ದಶಕದಲ್ಲಿ, ಈಗ ಕೆನಡಾಕ್ಕೆ ಸೇರಿದ ಲ್ಯಾಬ್ರಡಾರ್‌ನ ಚಳಿಯಲ್ಲಿದ್ದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ ಅಲ್ಲಿನ ಇನುಯಿಟ್ ಜನ ಹಿಡಿದ ಮೀನು ಆ ಕೊರೆಯುವ ಗಾಳಿಗೆ ಕ್ಷಣದಲ್ಲಿ ಗಡ್ಡೆಕಟ್ಟುವುದನ್ನೂ, ತಿಂಗಳುಗಳ ನಂತರ ಕರಗಿಸಿದರೂ ತಾಜಾ ಮೀನಿನ ಹಾಗೇ ಇರುವುದನ್ನೂ ನೋಡಿದ. ಇವತ್ತಿನ ಹೆಪ್ಪುಗಟ್ಟಿಸಿದ ಆಹಾರದ ಉದ್ಯಮ ಅಲ್ಲಿಂದ ಬೆಳೆದದ್ದು. ನಮ್ಮ ಮನೆಯ ಫ್ರೀಜರ್‌ಗೆ ಅಷ್ಟು ಶಕ್ತಿ ಇಲ್ಲ, ಆದರೆ ಚೀಲದಲ್ಲಿ ಹಾಕಿ ಅಂಗೈಯಷ್ಟು ತೆಳ್ಳಗೆ ತಟ್ಟಿ, ಗಾಳಿ ಹೊರಹಾಕಿ ಇಟ್ಟರೆ ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ. ಗಾಳಿ ಉಳಿದರೆ ಮಂಜು ನೇರ ಆವಿಯಾಗಿ ಹೋಗಿ ಬಿಳಿ ಒಣ ಕಲೆಗಳಾಗುತ್ತವೆ. ಅದು ಅಪಾಯವಲ್ಲ, ಕತ್ತರಿಸಿ ತೆಗೆದರಾಯಿತು.

ಕರೆಂಟ್ ಹೋದ ರಾತ್ರಿಯೊಂದರ ನಂತರ ಈ ಲೆಕ್ಕವೆಲ್ಲ ನಿಜವಾಗಿ ಕೆಲಸಕ್ಕೆ ಬಂತು. ಹೋದದ್ದು ರಾತ್ರಿ 10ಕ್ಕೆ, ಬಂದದ್ದು ಮರುದಿನ ಮಧ್ಯಾಹ್ನ 2ಕ್ಕೆ. ಬಾಗಿಲು ಮುಚ್ಚಿಯೇ ಇದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದರೆ 24. ನಾವು ಯಾರೂ ಬಾಗಿಲು ಮುಟ್ಟಿರಲಿಲ್ಲ. ಫ್ರಿಜ್‌ನಲ್ಲಿದ್ದ ಹಾಲು, ಬೆಂದ ಕಾಳು, ಕೋಳಿ ಮಾಂಸ ಚೆಲ್ಲಿದೆ. ಉಪ್ಪಿನಕಾಯಿ, ಬೆಣ್ಣೆ, ಇಡೀ ಹಣ್ಣುಗಳು ಉಳಿದವು. ಚೆಲ್ಲುವಾಗ ಸಂಕಟವಾಯಿತು. ಊಟ ಚೆಲ್ಲುವುದು ನನಗೆ ಇವತ್ತಿಗೂ ಸುಲಭವಲ್ಲ, ಆಗಬಾರದು ಕೂಡ. ಫ್ರೀಜರ್‌ನಲ್ಲಿ ಒಂದೊಂದೇ ಚೀಲ ಒತ್ತಿ ನೋಡಿದೆ. ಎಲ್ಲವೂ ಗಟ್ಟಿ. ಬಟಾಣಿ, ಸೊಪ್ಪು, ಅನ್ನದ ತೆಳು ಚೀಲಗಳು, ಎಲ್ಲಕ್ಕೂ ಟೇಪ್ ಇತ್ತು, ದಿನ ಇತ್ತು, ಹೊತ್ತು ಇತ್ತು.

ತೀರಾ ಹಿಂದೆ, ಮಂಜು ಮೆತ್ತಿಕೊಂಡ ಒಂದು ಹಳೆಯ ಡಬ್ಬಿ ಸಿಕ್ಕಿತು. ಅದರ ಮೇಲೆ ಏನೂ ಬರೆದಿರಲಿಲ್ಲ. ಮುಚ್ಚಳದ ಮಂಜು ಉಜ್ಜಿ ನೋಡಿದೆ, ಒಳಗೆ ಬೆಂದ ಮಾಂಸ, ಕಲ್ಲಿನ ಹಾಗೆ ಗಟ್ಟಿ. ಫ್ರೀಜರ್ ಒಳಗೆ ಅದಕ್ಕೇನೂ ಆಗಿರಲಿಕ್ಕಿಲ್ಲ, ವರ್ಷವಾದರೂ ಆಗುವುದಿಲ್ಲ. ಆದರೆ ಅದನ್ನು ಯಾವತ್ತು ಮಾಡಿದ್ದು, ಒಲೆ ಆರಿಸಿದ ಎಷ್ಟು ಹೊತ್ತಿಗೆ ಒಳಗಿಟ್ಟದ್ದು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮನೆಯವರನ್ನೆಲ್ಲ ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ. ಡಬ್ಬಿಯನ್ನು ತೊಟ್ಟಿಯಲ್ಲಿ ಬೋರಲು ಹಾಕಿ ಮೇಲೆ ನೀರು ಬಿಟ್ಟೆ. ಗಡ್ಡೆ ಕಳಚಿ ಬೀಳುವವರೆಗೂ ಅಲ್ಲೇ ನಿಂತಿದ್ದೆ.